ಪ್ಲಾಸ್ಟಿಕ್ ಕಸದಿಂದ ಡೀಸೆಲ್: ನಮ್ಮ ಪಂಚಾಯಿತಿ ಈ ಯಂತ್ರ ಕೊಳ್ಳಬೇಕಾ?

ಗದ್ದೆಬದು (ಚರ್ಚೆ ಶುರು ಮಾಡಿದವರು)

ನಾನು ಶಿವಮೊಗ್ಗ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ನಮ್ಮಲ್ಲಿ ಸುಮಾರು 1,500 ಮನೆಗಳಿವೆ. ಒಣಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣದ ಕಟ್ಟಡ ಇದೆ, ಕಸ ತರುವ ಸ್ವಚ್ಛ ವಾಹಿನಿ ಗಾಡಿ ಇದೆ. ಸಂಜೀವಿನಿ ಒಕ್ಕೂಟದ ಹೆಂಗಸರು ಮನೆ ಮನೆಗೆ ಹೋಗಿ ಒಣಕಸ ತಂದು ವಿಂಗಡಿಸುತ್ತಾರೆ. ಬಾಟಲಿ, ರಟ್ಟು, ಹಾಲಿನ ಕವರ್ ಗುಜರಿಗೆ ಹೋಗುತ್ತವೆ. ಉಳಿಯುವುದು ಚಿಪ್ಸ್ ಪ್ಯಾಕೆಟ್, ಗುಟ್ಕಾ ಚೀಟಿ, ಶಾಂಪೂ ಸ್ಯಾಶೆ, ಮಣ್ಣು ಮೆತ್ತಿದ ಕವರ್, ಶುಂಠಿ ಗದ್ದೆಯಿಂದ ಬಂದ ಹರಕು ಶೀಟು. ಅದೆಲ್ಲ ಕಟ್ಟಡದ ಹಿಂದೆ ಗುಡ್ಡೆ ಬಿದ್ದಿದೆ. ಮಳೆಗಾಲದಲ್ಲಿ ಹಳ್ಳಕ್ಕೆ ಹೋಗುತ್ತದೆ.

ಈಗ ಒಂದು ಕಂಪನಿಯವರು ಬಂದಿದ್ದಾರೆ. ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್ ಹಾಕುವ ಯಂತ್ರವಂತೆ. ಒಂದು ಕೆಜಿಗೆ ಒಂದು ಲೀಟರ್ ಡೀಸೆಲ್ ಬರುತ್ತದಂತೆ. ಆ ಎಣ್ಣೆಯಲ್ಲಿ ಟ್ರ್ಯಾಕ್ಟರ್ ಓಡುವ ವಿಡಿಯೋ ತೋರಿಸಿದರು. ಯಾವ ಪ್ಲಾಸ್ಟಿಕ್ ಆದರೂ ಸರಿ, ತೊಳೆಯುವುದೂ ಬೇಡ ಎಂದರು. ಸಭೆಯಲ್ಲಿ ಎಲ್ಲರಿಗೂ ಖುಷಿ. ಕಸವೂ ಹೋಗುತ್ತದೆ, ಡೀಸೆಲ್ ಖರ್ಚೂ ಉಳಿಯುತ್ತದೆ ಅಂತ. ಮುಂದಿನ ತಿಂಗಳು ತೀರ್ಮಾನ ಆಗಬೇಕು.

ಇಂಥ ಘಟಕ ಕಣ್ಣಾರೆ ಕಂಡವರು, ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಬರೆಯಿರಿ. ಜನರ ದುಡ್ಡು. ಹೇಗೆಂದರೆ ಹಾಗೆ ಸಹಿ ಹಾಕಲು ಮನಸ್ಸಿಲ್ಲ.

ಬಯಲುಸೀಮೆ

ಧೈರ್ಯವಾಗಿ ಮುಂದುವರಿಯಿರಿ. ಇದು ಹೊಸ ಮಾತೇನಲ್ಲ. ಜಪಾನಿನ ಅಕಿನೋರಿ ಇತೋ ಮೇಜಿನ ಮೇಲೆ ಇಡುವಷ್ಟು ಚಿಕ್ಕ ಯಂತ್ರ ಮಾಡಿ ತೋರಿಸಿದ್ದರು. ಅವರ ಬ್ಲೆಸ್ಟ್ ಕಂಪನಿಯ ಯಂತ್ರಕ್ಕೆ ಒಂದು ಕೆಜಿ ಕವರ್ ಹಾಕಿದರೆ ಸುಮಾರು ಒಂದು ಲೀಟರ್ ಎಣ್ಣೆ, ಕರೆಂಟು ಸುಮಾರು ಒಂದು ಯೂನಿಟ್. ನಮ್ಮ ದೇಶದಲ್ಲೇ ನಾಗಪುರದ ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಅಲ್ಕಾ ಝಡಗಾಂವ್ಕರ್ ಬಹಳ ಹಿಂದೆಯೇ ಮಾಡಿದ್ದರು, ಬೂಟಿಬೋರಿಯಲ್ಲಿ ಘಟಕವೂ ಆಗಿತ್ತು. ಪುಣೆಯ ಮೇಧಾ ತಾಡಪತ್ರಿಕರ್ ಮಾಡುತ್ತಿದ್ದಾರೆ. ಡೆಹ್ರಾಡೂನ್‌ನಲ್ಲಿ ಕೇಂದ್ರ ಸರ್ಕಾರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪೆಟ್ರೋಲಿಯಂ, ಸರ್ಕಾರಿ ಅನಿಲ ಕಂಪನಿ ಗೇಲ್ ಜೊತೆ ಸೇರಿ 2019ರ ಆಗಸ್ಟ್‌ನಲ್ಲಿ ಘಟಕ ಶುರು ಮಾಡಿತು. ಒಂದು ಟನ್ ಪ್ಲಾಸ್ಟಿಕ್‌ಗೆ 800 ಲೀಟರ್ ಡೀಸೆಲ್.

ನಮ್ಮೂರಲ್ಲಿ ಸಂಜೆಯಾದರೆ ಚರಂಡಿ ಪಕ್ಕ ಕವರ್ ಸುಡುತ್ತಾರೆ. ಆ ಹೊಗೆ ಕುಡಿಯುವುದಕ್ಕಿಂತ ಎಣ್ಣೆ ಮಾಡುವುದು ಎಷ್ಟೋ ವಾಸಿ ಅಲ್ವಾ?

ಕುಲುಮೆ

ನಾನು ಕೆಮಿಕಲ್ ಎಂಜಿನಿಯರ್. ಬೇರೆ ರಾಜ್ಯದ ಒಂದು ಪೈರಾಲಿಸಿಸ್ (ಗಾಳಿ ಇಲ್ಲದೆ ಕಾಯಿಸಿ ಎಣ್ಣೆ ತೆಗೆಯುವ) ಘಟಕದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಮೊದಲು ಒಂದು ಮಾತು. ಪ್ಲಾಸ್ಟಿಕ್‌ನಿಂದ ಎಣ್ಣೆ ಬರುತ್ತದೆ. ಅದರಲ್ಲಿ ಮೋಸ ಇಲ್ಲ. ಪ್ಲಾಸ್ಟಿಕ್ ಹುಟ್ಟಿದ್ದೇ ಕಚ್ಚಾ ತೈಲ, ನೈಸರ್ಗಿಕ ಅನಿಲದಿಂದ. ಇಂಗಾಲ ಮತ್ತು ಜಲಜನಕದ ಉದ್ದುದ್ದ ಸರಪಳಿ ಅದು. ಗಾಳಿ ಒಳಗೆ ಸೇರದಂತೆ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ 400ರಿಂದ 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸರಪಳಿ ತುಂಡಾಗುತ್ತದೆ. ಗಾಳಿ ಇಲ್ಲದ್ದರಿಂದ ಉರಿಯುವುದಿಲ್ಲ, ಆವಿಯಾಗುತ್ತದೆ. ಆವಿಯನ್ನು ತಂಪು ಮಾಡಿದರೆ ಎಣ್ಣೆ. ತಂಪಾದರೂ ದ್ರವವಾಗದ ಅನಿಲವನ್ನು ಮತ್ತೆ ಅದೇ ಒಲೆಗೆ ಕೊಡುತ್ತಾರೆ. ತಳದಲ್ಲಿ ಕಪ್ಪು ಪುಡಿ ಉಳಿಯುತ್ತದೆ, ಅದಕ್ಕೆ ಚಾರ್ ಅನ್ನುತ್ತಾರೆ.

ಎಲ್ಲ ನಿಂತಿರುವುದು ಒಳಗೆ ಏನು ಹಾಕುತ್ತೀರಿ ಅನ್ನುವುದರ ಮೇಲೆ. ಪಾಲಿಎಥಿಲೀನ್ ಅಂದರೆ ಹಾಲಿನ ಕವರ್, ಕ್ಯಾರಿ ಬ್ಯಾಗ್, ಶಾಂಪೂ ಬಾಟಲಿ. ಪಾಲಿಪ್ರೊಪಿಲೀನ್ ಅಂದರೆ ಗೊಬ್ಬರದ ಚೀಲ, ಬಾಟಲಿ ಮುಚ್ಚಳ, ಊಟದ ಡಬ್ಬಿ. ಪಾಲಿಸ್ಟೈರೀನ್ ಅಂದರೆ ಥರ್ಮೋಕೋಲ್. ಈ ಮೂರೂ ಒಳ್ಳೆ ಎಣ್ಣೆ ಕೊಡುತ್ತವೆ. ಪಾಲಿಎಥಿಲೀನ್‌ಗೆ ಮಾತ್ರ ಜಿಯೊಲೈಟ್ ಥರದ ವೇಗವರ್ಧಕ, ಅಂದರೆ ಸರಪಳಿ ತುಂಡಾಗಲು ನೆರವಾಗುವ ಖನಿಜ ಬೇಕು. ಇಲ್ಲದಿದ್ದರೆ ಬಹುಪಾಲು ಮೇಣವಾಗಿ ಬಂದು ಪೈಪಿನಲ್ಲೇ ಗಟ್ಟಿಯಾಗುತ್ತದೆ.

ಪಿವಿಸಿ ಬಂದರೆ ಕಥೆ ಬೇರೆ. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. ಸುಮಾರು 300 ಡಿಗ್ರಿಗೇ ಅದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಹೊರಬರುತ್ತದೆ. ಕಬ್ಬಿಣ ತಿನ್ನುತ್ತದೆ, ಎಣ್ಣೆಗೂ ಸೇರುತ್ತದೆ. ಆ ಎಣ್ಣೆ ಸರಿಯಾಗಿ ಉರಿಯದಿದ್ದರೆ ಡಯಾಕ್ಸಿನ್ ಅನ್ನುವ ಕಡು ವಿಷ ಹುಟ್ಟುವ ಅಪಾಯ. ಹಳೇ ಪೈಪು, ರೆಕ್ಸಿನ್, ವೈರಿನ ಸಿಪ್ಪೆ, ಫ್ಲೆಕ್ಸ್ ಬ್ಯಾನರ್ ಎಲ್ಲದರಲ್ಲೂ ಪಿವಿಸಿ ಇರುತ್ತದೆ. ಚುನಾವಣೆ ಮುಗಿದ ತಿಂಗಳು ನಿಮ್ಮ ಗುಡ್ಡೆಯಲ್ಲಿ ಎಷ್ಟು ಬ್ಯಾನರ್ ಇರುತ್ತವೆ ನೋಡಿ.

ನೀರಿನ ಬಾಟಲಿಯ ಪೆಟ್ ಇನ್ನೊಂದು ತೊಂದರೆ. ಅದರ ತೂಕದ ಮೂರರಲ್ಲಿ ಒಂದು ಪಾಲು ಆಮ್ಲಜನಕ. ಎಣ್ಣೆ ಕಡಿಮೆ, ಬಿಳಿ ಪುಡಿಯಂಥ ಆಮ್ಲಗಳು ಜಾಸ್ತಿ. ತಂಪು ಮಾಡುವ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಚಿಪ್ಸ್ ಪ್ಯಾಕೆಟ್, ಸ್ಯಾಶೆಗಳಲ್ಲಿ ಪದರ ಪದರ: ಒಂದು ಪಾಲಿಎಥಿಲೀನ್, ಒಂದು ಪೆಟ್, ನಡುವೆ ಅಲ್ಯೂಮಿನಿಯಂ ತೆಳು ಪೊರೆ. ಬೇರೆ ಮಾಡಲು ಆಗುವುದಿಲ್ಲ. ಮಣ್ಣು, ನೀರು ಬೇರೆ. ಒದ್ದೆ ಕಸ ಹಾಕಿದರೆ ಮೊದಲು ಆ ನೀರು ಕುದ್ದು ಹೋಗಬೇಕು, ಆ ಶಾಖವೆಲ್ಲ ದಂಡ. ಮಣ್ಣು ಪೂರ್ತಿ ಚಾರ್ ಜೊತೆ ತಳದಲ್ಲಿ ಕೂರುತ್ತದೆ.

ಹಾಗಾಗಿ "ಯಾವ ಪ್ಲಾಸ್ಟಿಕ್ ಆದರೂ ಸರಿ, ತೊಳೆಯುವುದೂ ಬೇಡ" ಎಂದವರನ್ನು ನಾನಾದರೆ ಅಲ್ಲೇ ನಿಲ್ಲಿಸುತ್ತಿದ್ದೆ.

ಒಂದು ಕೆಜಿಗೆ ಒಂದು ಲೀಟರ್ ಅನ್ನುವ ಮಾತು ಕೂಡ ತೂಗಿ ನೋಡಬೇಕಾದದ್ದು. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 800 ಗ್ರಾಂ. ಅಂದರೆ ಹಾಕಿದ್ದರಲ್ಲಿ ನೂರಕ್ಕೆ 80ರಷ್ಟು ಎಣ್ಣೆಯಾಗಬೇಕು. ಶುದ್ಧ, ಒಣ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಹಾಕಿದರೆ ಅಲ್ಲಿಗೆ ಹತ್ತಿರ ಬರಬಹುದು. ನಿಮ್ಮ ಗುಡ್ಡೆಯಿಂದ ಬರುವುದಿಲ್ಲ. ಡೆಹ್ರಾಡೂನ್‌ನಲ್ಲಿ ಆರಿಸಿದ ಪ್ಲಾಸ್ಟಿಕ್ ಹಾಕಿ, ವಿಜ್ಞಾನಿಗಳು ಪಕ್ಕದಲ್ಲೇ ನಿಂತು ಪಡೆದದ್ದು ಟನ್ನಿಗೆ 800 ಲೀಟರ್. ತೂಕದಲ್ಲಿ ಅದು ಮೂರರಲ್ಲಿ ಎರಡು ಪಾಲು.

ಕೊನೆಗೆ ಬರುವ ಎಣ್ಣೆಯನ್ನು ಡೀಸೆಲ್ ಅನ್ನಬೇಡಿ. ಅದರಲ್ಲಿ ಪೆಟ್ರೋಲಿನಷ್ಟು ಹಗುರಾದ ಭಾಗ, ಡೀಸೆಲ್ ಭಾಗ, ಮೇಣದ ಭಾಗ ಮೂರೂ ಕಲೆತಿರುತ್ತವೆ. ಹಗುರ ಭಾಗ ಇರುವುದರಿಂದ ಬೇಗ ಹೊತ್ತಿಕೊಳ್ಳುತ್ತದೆ, ಡ್ರಮ್ಮಿನಲ್ಲಿ ತುಂಬಿಡುವುದೇ ಅಪಾಯ. ಇಟ್ಟಷ್ಟೂ ಕಪ್ಪಾಗುತ್ತದೆ, ಅಂಟು ಕಟ್ಟುತ್ತದೆ. ಇಂಜೆಕ್ಟರ್ ಹಾಳಾಗುವುದು ಅದರಿಂದಲೇ. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಬಿಎಸ್-6 (ವಾಹನದ ಹೊಗೆಗೆ ಸರ್ಕಾರ ಇಟ್ಟ ಮಾನದಂಡ) ಡೀಸೆಲ್. ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರಬಾರದು, ಎಂಜಿನ್ನಿನಲ್ಲಿ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅನ್ನುವುದರ ಅಳತೆಯಾದ ಸೀಟೇನ್ ಸಂಖ್ಯೆ ಕನಿಷ್ಠ 51 ಇರಬೇಕು. ಆ ಮಟ್ಟಕ್ಕೆ ತರಲು ಬಟ್ಟಿ ಇಳಿಸಬೇಕು, ಜಲಜನಕ ಹಾಯಿಸಬೇಕು. ಅದು ರಿಫೈನರಿ ಕೆಲಸ, ಸ್ವಚ್ಛ ಸಂಕೀರ್ಣದ ಶೆಡ್ಡಿನಲ್ಲಿ ಆಗುವುದಲ್ಲ. ವಿಡಿಯೋದಲ್ಲಿ ಟ್ರ್ಯಾಕ್ಟರ್ ಓಡಿದ್ದು ನಿಜ ಇರಬಹುದು. ಒಂದು ಸಾವಿರ ಗಂಟೆ ಓಡಿದ ಮೇಲೆ ಅದರ ಪಂಪು ಬಿಚ್ಚಿ ತೋರಿಸಲಿ.

ಗದ್ದೆಬದು

ತುಂಬಾ ಉಪಕಾರ ಸರ್. ಸುರಕ್ಷತೆ ಬಗ್ಗೆ ಸ್ವಲ್ಪ ಹೇಳಿ. ಅದನ್ನು ನಡೆಸುವವರು ನಮ್ಮ ಒಕ್ಕೂಟದ ಹೆಂಗಸರೇ. ತರಬೇತಿ ಕೊಡುತ್ತೇವೆ ಎಂದಿದ್ದಾರೆ.

ಕುಲುಮೆ

ಅದೇ ನನಗೆ ಜಾಸ್ತಿ ಚಿಂತೆ. ಚಿಕ್ಕ ಯಂತ್ರಗಳು ಸಾಮಾನ್ಯವಾಗಿ ಒಂದು ಬಾರಿ ತುಂಬಿ, ಕಾಯಿಸಿ, ತಣಿಸಿ, ಬಾಗಿಲು ತೆರೆದು ಚಾರ್ ತೆಗೆಯುವ ಥರದವು. ಕಾಯುತ್ತಿರುವಾಗ ಬಾಗಿಲಿನ ಸೀಲ್ ಸಡಿಲವಾಗಿ ಗಾಳಿ ಒಳಹೊಕ್ಕರೆ ಸ್ಫೋಟ. ಪೂರ್ತಿ ತಣಿಯುವ ಮೊದಲು ಬಾಗಿಲು ತೆರೆದರೆ ಚಾರ್ ಹೊತ್ತಿಕೊಳ್ಳುತ್ತದೆ. ತಣಿಯಲು ಗಂಟೆಗಟ್ಟಲೆ ಬೇಕು. ಮಾಲೀಕರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ, ಬೇಗ ತೆರೆಸುತ್ತಾರೆ. ನಾನಿದ್ದ ಘಟಕದಲ್ಲಿ ಹುಡುಗರು ಬಾಯಿಗೆ ಟವೆಲ್ ಕಟ್ಟಿಕೊಂಡು ಒಳಗೆ ಇಳಿದು ಗೋಡೆ ಕೆರೆಯುತ್ತಿದ್ದರು. ಸಂಜೆ ಉಗುಳು ಕರ್ರಗೆ. ನಾನು ಆ ಕೆಲಸ ಬಿಡಲು ಅದೇ ಕಾರಣ.

ಟೈರ್ ಪೈರಾಲಿಸಿಸ್ ಏನಾಯಿತು ನೋಡಿ. ದೇಶದ ತುಂಬ ನೂರಾರು ಘಟಕಗಳು. ಅದರಲ್ಲಿ ಬಹಳಷ್ಟು ನಿಯಮ ಪಾಲಿಸುತ್ತಿಲ್ಲ ಅನ್ನುವುದು 2019ರಲ್ಲಿ ಹಸಿರು ನ್ಯಾಯಮಂಡಳಿ ಮುಂದೆ ಬಂತು. 2022ರಲ್ಲಿ ಕೇಂದ್ರ ಸರ್ಕಾರ ಎಣ್ಣೆ ತೆಗೆಯಲೆಂದು ಹಳೇ ಟೈರ್ ಆಮದು ಮಾಡುವುದನ್ನೇ ನಿಲ್ಲಿಸಿತು.

ಯಂತ್ರ ಬರಲಿ, ಬಿಡಲಿ. ಆ ಹೆಂಗಸರನ್ನು 450 ಡಿಗ್ರಿ ಪಾತ್ರೆಯ ಮುಂದೆ ನಿಲ್ಲಿಸುವ ಮೊದಲು ಬಾಯ್ಲರ್ ನಡೆಸಿದ ಅನುಭವ ಇರುವ ಒಬ್ಬರಾದರೂ ಪೂರ್ಣಾವಧಿಗೆ ಇರಲೇಬೇಕು. ಅವರ ಸಂಬಳ ಯಾರ ಲೆಕ್ಕಕ್ಕೆ ಅಂತ ಕಂಪನಿಯವರನ್ನು ಕೇಳಿ.

ಒಣಕಸ

ನಾನು ಬೆಂಗಳೂರಿನ ಒಂದು ವಾರ್ಡಿನ ಒಣಕಸ ಕೇಂದ್ರ ನೋಡಿಕೊಳ್ಳುತ್ತೇನೆ. ಎಣ್ಣೆ ವಿಷಯ ನನಗೆ ಗೊತ್ತಿಲ್ಲ. ಕಸದ ವಿಷಯ ಗೊತ್ತು.

ಕುಲುಮೆಯವರು ಯಾವುದರಿಂದ ಒಳ್ಳೆ ಎಣ್ಣೆ ಬರುತ್ತದೆ ಎಂದರೋ ಆ ಪಟ್ಟಿ ಇನ್ನೊಮ್ಮೆ ಓದಿ. ಹಾಲಿನ ಕವರ್, ಶಾಂಪೂ ಬಾಟಲಿ, ಗೊಬ್ಬರದ ಚೀಲ, ಡಬ್ಬಿ. ಇವೆಲ್ಲ ಗುಜರಿಯಲ್ಲಿ ಒಳ್ಳೆ ಬೆಲೆಗೆ ಹೋಗುವ ಮಾಲು. ತೊಳೆದು ಒಣಗಿಸಿದ ನಂದಿನಿ ಕವರಿಗೆ ಕೊಳ್ಳುವವರು ಮನೆ ಬಾಗಿಲಿಗೆ ಬರುತ್ತಾರೆ. ಅದು ಪ್ಲಾಸ್ಟಿಕ್ ಕಾಳಾಗಿ, ಮತ್ತೆ ಪೈಪೋ ಬಕೆಟ್ಟೋ ಆಗುತ್ತದೆ. ಗುಜರಿಯವರು ಕೈಗೆತ್ತಿಕೊಳ್ಳದ ಮಾಲು ಯಾವುದು? ಸ್ಯಾಶೆ, ಚಿಪ್ಸ್ ಪ್ಯಾಕೆಟ್, ಗಲೀಜು ಕವರ್. ಅದರಿಂದ ಎಣ್ಣೆಯೂ ಸರಿಯಾಗಿ ಬರುವುದಿಲ್ಲ.

ಯಂತ್ರ ತಂದ ಮೇಲೆ ಏನಾಗುತ್ತದೆ ಯೋಚಿಸಿ. ಗುಡ್ಡೆಯಲ್ಲಿರುವುದನ್ನು ಹಾಕುತ್ತೀರಿ, ಎಣ್ಣೆ ಕೆಡುತ್ತದೆ. ಕಂಪನಿಯವರು ಬಂದು ನೋಡಿ "ಮಾಲು ಸರಿ ಇಲ್ಲ, ಸ್ವಲ್ಪ ಹಾಲಿನ ಕವರ್, ಚೀಲ ಬೆರೆಸಿ" ಅನ್ನುತ್ತಾರೆ. ಅಂದರೆ ಒಕ್ಕೂಟದ ಹೆಂಗಸರು ಮಾರಿ ಸಂಪಾದಿಸುತ್ತಿದ್ದ ಮಾಲೇ ಒಲೆಗೆ ಹೋಗುತ್ತದೆ. ಅವರ ಆದಾಯ ಕಡಿಮೆಯಾಗುತ್ತದೆ. ಬೆಂಗಳೂರಲ್ಲಿ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿದ್ದು 2011ರಲ್ಲಿ. ಹಸಿರು ದಳದಂಥ ಸಂಸ್ಥೆಗಳು ಹೋರಾಡಿ, ಒಣಕಸದ ಮೇಲೆ ಅವರಿಗೂ ಹಕ್ಕಿದೆ ಅಂತ ಒಪ್ಪಿಸುವುದಕ್ಕೆ ವರ್ಷಗಳು ಹಿಡಿದವು. ಯಂತ್ರದ ಹೆಸರಲ್ಲಿ ಅದನ್ನು ಹಳ್ಳಿಗಳಲ್ಲಿ ಸುಮ್ನೆ ಬಿಟ್ಟುಕೊಡಬಾರದು.

ಲೆಕ್ಕದಹಾಳೆ

ಬಯಲುಸೀಮೆಯವರೇ, ಇದು ಪೆಟ್ರೋಲ್, ಡೀಸೆಲ್‌ಗೆ ಪರ್ಯಾಯ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇನೆ. ಲೆಕ್ಕ ಹಾಕಿ ನೋಡೋಣ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರದಿ ಪ್ರಕಾರ 2020-21ರಲ್ಲಿ ದೇಶದ ಪ್ಲಾಸ್ಟಿಕ್ ಕಸ ಸುಮಾರು 41 ಲಕ್ಷ ಟನ್. ದೇಶ ಒಂದು ವರ್ಷಕ್ಕೆ ಬಳಸುವ ಪೆಟ್ರೋಲಿಯಂ ಉತ್ಪನ್ನ 2023-24ರಲ್ಲಿ ಸುಮಾರು 23 ಕೋಟಿ ಟನ್. ಪಿವಿಸಿ, ಪೆಟ್ ಎಲ್ಲ ಸೇರಿ ಒಂದು ಚೂರೂ ಬಿಡದೆ ಡೆಹ್ರಾಡೂನ್ ಯಂತ್ರಕ್ಕೇ ಹಾಕಿದೆವು ಅಂತ ಇಟ್ಟುಕೊಳ್ಳಿ. ಟನ್ನಿಗೆ 800 ಲೀಟರ್ ಹಿಡಿದರೆ 27 ಲಕ್ಷ ಟನ್ ಡೀಸೆಲ್. ನಮ್ಮ ಬಳಕೆಯ ನೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಅದೂ ಎಲ್ಲ ಪ್ಲಾಸ್ಟಿಕ್ ಸಿಕ್ಕಿ, ಮರುಬಳಕೆ ಪೂರ್ತಿ ನಿಂತು ಹೋದರೆ.

ಜೊತೆಗೆ ಇದು ಪಳೆಯುಳಿಕೆ ಇಂಧನವೇ. ನೆಲದಿಂದ ಬಂದ ತೈಲ ಪ್ಲಾಸ್ಟಿಕ್ ಆಗಿ, ಮತ್ತೆ ತೈಲವಾಗಿ ಉರಿಯುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕೆಜಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್. ಪ್ಲಾಸ್ಟಿಕ್‌ನಿಂದ ಬಂದ ಲೀಟರ್‌ಗೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ, ಮೇಲೆ ಕಾಯಿಸಿದ ಶಾಖದ್ದು ಬೇರೆ.

ನಿಮ್ಮ ಪಂಚಾಯಿತಿ ಲೆಕ್ಕವನ್ನೂ ಮಾಡಿ. ಬೆಲೆ ಇಲ್ಲದ ಪ್ಲಾಸ್ಟಿಕ್ ಮನೆಗೆ ದಿನಕ್ಕೆ 100 ಗ್ರಾಂ ಅಂತ ಧಾರಾಳವಾಗಿಯೇ ಹಿಡಿಯಿರಿ. 1,500 ಮನೆಗೆ 150 ಕೆಜಿ. ಒಂದು ಟನ್ ಯಂತ್ರ ತುಂಬಲು ಒಂದು ವಾರ ಬೇಕು. ವಾರಕ್ಕೊಮ್ಮೆ ತಣ್ಣಗಿನ ಕಬ್ಬಿಣವನ್ನು 450 ಡಿಗ್ರಿಗೆ ಕಾಯಿಸಿ ಮತ್ತೆ ತಣಿಸುವುದರಲ್ಲೇ ಎಷ್ಟು ಉರುವಲು ಹೋಗುತ್ತದೆ?

ಬಯಲುಸೀಮೆ

ಲೆಕ್ಕ ಒಪ್ಪುತ್ತೇನೆ. ದೇಶದ ಇಂಧನದ ಪ್ರಶ್ನೆ ಇದರಿಂದ ಬಗೆಹರಿಯುವುದಿಲ್ಲ, ಸರಿ. ಆದರೆ ನೀವೆಲ್ಲ ಒಂದು ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ಆ ಗುಡ್ಡೆಯನ್ನು ಏನು ಮಾಡಬೇಕು? ಗುಜರಿಯವರು ಬೇಡ ಅನ್ನುತ್ತಾರೆ, ಎಂಜಿನಿಯರ್ ಬೇಡ ಅನ್ನುತ್ತಾರೆ. ಅದು ಅಲ್ಲೇ ಕೂತಿರುತ್ತದೆ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ಹತ್ತು ದಿನಕ್ಕೂ ಜಾಸ್ತಿ ಹೊಗೆಯಾಡಿತು. ಇಡೀ ಊರು ಮಾಸ್ಕ್ ಹಾಕಿಕೊಂಡು ಓಡಾಡಿತು. ನಮ್ಮ ಹಳ್ಳಿಗಳಲ್ಲಿ ದಿನವೂ ಒಂದೊಂದು ಚಿಕ್ಕ ಬ್ರಹ್ಮಪುರಂ ಉರಿಯುತ್ತದೆ. ಅದನ್ನು ಸುಡುವ ಮುದುಕಿಗೆ, ಮಕ್ಕಳಿಗೆ ಆ ಹೊಗೆ. ಯಂತ್ರದ ದೋಷ ಎಣಿಸುವಾಗ ಯಂತ್ರ ಇಲ್ಲದಿದ್ದರೆ ಆಗುವುದನ್ನೂ ತೂಗಬೇಕು.

ಪುಣೆಯವರ ಕೆಲಸ ನೋಡಿ. ಅವರು ಮನೆಗಳಿಂದ ತೊಳೆದ ಪ್ಲಾಸ್ಟಿಕ್ ಸಂಗ್ರಹಿಸುತ್ತಾರೆ. ಜನರಿಗೆ ಮೊದಲು ತೊಳೆಯುವುದನ್ನು ಕಲಿಸಿದರು. ಎಣ್ಣೆಯ ಆಸೆಯಿಂದಲಾದರೂ ಜನ ಬೇರೆ ಮಾಡಿ ಕೊಡುತ್ತಾರಲ್ಲ, ಅದೂ ಒಂದು ಲಾಭವೇ.

ಒಣಕಸ

ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಹೊಗೆ ನಮಗೂ ಗೊತ್ತು. ಆದರೆ ತೊಳೆಯುವುದು, ಬೇರೆ ಮಾಡುವುದು ಶುರುವಾದ ಕೂಡಲೇ ಮುಕ್ಕಾಲು ಪಾಲು ಮಾಲಿಗೆ ಎಣ್ಣೆಗಿಂತ ಒಳ್ಳೆ ದಾರಿ ತೆರೆಯುತ್ತದೆ. ಆಗ ಯಂತ್ರದ ಪಾಲಿಗೆ ಉಳಿಯುವುದೇ ಕಡಿಮೆ.

ದೂರದೂರು

ಅಮೆರಿಕದಲ್ಲಿ ನೆಲೆಸಿದವನು ನಾನು, ಪೆಟ್ರೋಕೆಮಿಕಲ್ ಕ್ಷೇತ್ರದಲ್ಲಿದ್ದೇನೆ. ಹಳ್ಳಿ ಯಂತ್ರದ ಮಾತು ಹಾಗಿರಲಿ, ದೊಡ್ಡ ದುಡ್ಡು ಹಾಕಿದವರಿಗೂ ಇದು ಒಲಿದಿಲ್ಲ ಅನ್ನುವುದು ನಿಮ್ಮ ಸಭೆಗೆ ಗೊತ್ತಿರಲಿ.

ಜರ್ಮನಿಯಲ್ಲಿ ಬಿಎಎಸ್‌ಎಫ್ ಅನ್ನುವ ದೊಡ್ಡ ರಾಸಾಯನಿಕ ಕಂಪನಿ 1990ರ ದಶಕದ ನಡುವೆ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಪ್ರಾಯೋಗಿಕ ಘಟಕ ನಡೆಸಿ ಬೇಗನೆ ಮುಚ್ಚಿತು. ಕಸ ಸಾಕಷ್ಟು ಸಿಗಲಿಲ್ಲ, ಸಿಕ್ಕಿದ ಬೆಲೆ ಸಾಲಲಿಲ್ಲ. ಜಪಾನಿನ ಸಪ್ಪೊರೊ ಊರಿನಲ್ಲಿ 2000ದಲ್ಲಿ ಶುರುವಾದ ದೊಡ್ಡ ಘಟಕ ಹತ್ತು ವರ್ಷ ಓಡಿ ನಿಂತಿತು. ಜಪಾನಿನವರಷ್ಟು ಶಿಸ್ತಾಗಿ ಕಸ ಬೇರೆ ಮಾಡುವವರು ಯಾರಿದ್ದಾರೆ? ಪಿವಿಸಿಯ ಕ್ಲೋರಿನ್ ತೆಗೆಯಲು ಪ್ರತ್ಯೇಕ ಹಂತವೇ ಇಟ್ಟಿದ್ದರು. ಆದರೂ ಹಣ ಕೂಡಿಬರಲಿಲ್ಲ.

ಇಲ್ಲಿ ಇಡಾಹೊ ರಾಜ್ಯದ ಬೋಯ್ಸಿ ನಗರದಲ್ಲಿ 2018ರಲ್ಲಿ ಜನರಿಗೆ ಕಿತ್ತಳೆ ಬಣ್ಣದ ಚೀಲ ಕೊಟ್ಟರು. ಮರುಬಳಕೆಯಾಗದ ಪ್ಲಾಸ್ಟಿಕ್ ಅದರಲ್ಲಿ ತುಂಬಿ ಕೊಡಿ, ಪಕ್ಕದ ಯೂಟಾ ರಾಜ್ಯದಲ್ಲಿ ಡೀಸೆಲ್ ಮಾಡುತ್ತೇವೆ ಎಂದರು. ಜನ ನಂಬಿ, ಆಸ್ಥೆಯಿಂದ ತುಂಬಿ ಕೊಟ್ಟರು. ಬಂದ ಮಾಲಿನಲ್ಲಿ ಕಲಬೆರಕೆ ಜಾಸ್ತಿ, ಯಂತ್ರ ತಾಳಲಿಲ್ಲ. ಕೊನೆಗೆ ಆ ಚೀಲಗಳು ಸಿಮೆಂಟ್ ಕಾರ್ಖಾನೆಯ ಬೆಂಕಿಗೆ ಹೋದವು. 2021ರಲ್ಲಿ ರಾಯಿಟರ್ಸ್ ಇದನ್ನು ವಿವರವಾಗಿ ಬರೆಯಿತು. ಇಂಡಿಯಾನಾದ ಆ್ಯಶ್ಲಿಯಲ್ಲಿ ವರ್ಷಕ್ಕೆ ಒಂದು ಲಕ್ಷ ಟನ್ ಪ್ಲಾಸ್ಟಿಕ್ ಕರಗಿಸುವ ಗುರಿಯ ಬ್ರೈಟ್‌ಮಾರ್ಕ್ ಘಟಕ 2025ರಲ್ಲಿ ದಿವಾಳಿ ಅರ್ಜಿ ಹಾಕಿತು.

ಕಾರಣ ಹುಡುಕಿದರೆ ಎಲ್ಲ ಕಡೆ ಅದೇ. ಕಚ್ಚಾ ತೈಲ ಹಡಗಿನಲ್ಲಿ ಒಂದೇ ಗುಣದ್ದಾಗಿ ಬರುತ್ತದೆ. ಕಸ ಹಾಗಲ್ಲ, ಇವತ್ತಿನದು ಇವತ್ತಿಗೆ, ನಾಳೆಯದು ನಾಳೆಗೆ. ಅದನ್ನು ಒಂದು ಹದಕ್ಕೆ ತರುವ ಖರ್ಚೇ ಎಣ್ಣೆಯ ಬೆಲೆಯನ್ನು ತಿಂದುಹಾಕುತ್ತದೆ. ಕಚ್ಚಾ ತೈಲದ ಬೆಲೆ ಇಳಿದ ವರ್ಷ ಅಂಗಡಿ ಮುಚ್ಚಬೇಕು.

ಹೊಂಗೆನೆರಳು

ಪರ್ಯಾಯ ಇಂಧನವೇ ಬೇಕಾದರೆ ನಮ್ಮಲ್ಲೇ ಹೊಂಗೆ ಇದೆಯಲ್ಲ. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಇದೆ, ಬೀಜದಿಂದ ಎಣ್ಣೆ ತೆಗೆಯುವುದನ್ನು ತೋರಿಸುತ್ತಾರೆ. ಅದರ ಹಿಂಡಿ ಗದ್ದೆಗೆ ಗೊಬ್ಬರ. ಪ್ಲಾಸ್ಟಿಕ್ ಯಂತ್ರದ ಕರಿ ಪುಡಿಯನ್ನು ಗದ್ದೆಗೆ ಹಾಕುತ್ತೀರಾ?

ಲೆಕ್ಕದಹಾಳೆ

ಹೊಂಗೆ ಬೇರೆ ಚರ್ಚೆ. ಅದಕ್ಕೂ ಬೀಜ ಕೂಡಿಸುವ ಕೂಲಿಯ ತೊಂದರೆ ಇದೆ. ಇಲ್ಲಿ ಬೆರೆಸುವುದು ಬೇಡ.

ಕಡಲತೀರ

ದಕ್ಷಿಣ ಕನ್ನಡದಿಂದ. ಬಯಲುಸೀಮೆಯವರ ಪ್ರಶ್ನೆಗೆ ನನ್ನ ಉತ್ತರ.

ನಮಗೆ ಕಸದ ಬಿಸಿ ತಟ್ಟಿದ್ದು 2019ರ ಆಗಸ್ಟ್‌ನಲ್ಲಿ. ಮಂಗಳೂರಿನ ಪಚ್ಚನಾಡಿ ಡಂಪಿಂಗ್ ಯಾರ್ಡ್ ಮಳೆಗೆ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಂತು. ದಶಕಗಳ ಕಸ ಅದು. ಅಲ್ಲಿದ್ದವರು ಊರನ್ನೇ ಬಿಡಬೇಕಾಯಿತು.

ನಮ್ಮ ಎರಡು ಜಿಲ್ಲೆಗಳಲ್ಲಿ ಎಂಆರ್‌ಎಫ್ ಅನ್ನುವ ದೊಡ್ಡ ವಿಂಗಡಣಾ ಘಟಕಗಳಿವೆ. ಉಡುಪಿ ಜಿಲ್ಲೆಯಲ್ಲಿ ಕಾರ್ಕಳದ ನಿಟ್ಟೆ, ನಮ್ಮಲ್ಲಿ ತೆಂಕ ಎಡಪದವು. ಒಂದೊಂದು ಪಂಚಾಯಿತಿ ಒಂಟಿಯಾಗಿ ಒದ್ದಾಡುವ ಬದಲು ಹತ್ತಾರು ಪಂಚಾಯಿತಿಗಳ ಒಣಕಸ ಒಂದು ಕಡೆ ಬರುತ್ತದೆ. ಬೆಲ್ಟ್ ಮೇಲೆ ಹರಿಯುವಾಗ ಕೈಯಲ್ಲಿ ಆರಿಸುತ್ತಾರೆ, ಉಳಿದದ್ದನ್ನು ಒತ್ತಿ ಬೇಲ್ ಕಟ್ಟುತ್ತಾರೆ. ಲಾರಿಗಟ್ಟಲೆ ಮಾಲು ಇದ್ದಾಗ ಗುಜರಿ ದೊರೆಗಳೂ ಬೆಲೆ ಕೊಡುತ್ತಾರೆ.

ಬೆಲೆ ಇಲ್ಲದ್ದು ಸಿಮೆಂಟ್ ಕಾರ್ಖಾನೆಗೆ ಹೋಗಬೇಕು. ಅದನ್ನು ಹೇಳಲು ನನಗೂ ಖುಷಿ ಇಲ್ಲ, ಸುಡುವುದು ಸುಡುವುದೇ. ಆದರೆ ಸಿಮೆಂಟ್ ಗೂಡಿನ ಒಳಗೆ 1,400 ಡಿಗ್ರಿ ಮೀರಿದ ಶಾಖ. ಅಷ್ಟರಲ್ಲಿ ಡಯಾಕ್ಸಿನ್ ಉಳಿಯುವುದು ಕಷ್ಟ. ಬೂದಿ ಸಿಮೆಂಟಿನಲ್ಲೇ ಸೇರುತ್ತದೆ, ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ಕಲಬುರಗಿ ಕಡೆ ವಾಡಿ, ಸೇಡಂ, ಮಳಖೇಡ ಎಲ್ಲ ಸಿಮೆಂಟ್ ಊರುಗಳೇ. ತೊಂದರೆ ಇರುವುದು ದೂರದಲ್ಲಿ. ಶಿವಮೊಗ್ಗದಿಂದ ಅಲ್ಲಿಗೆ ಲಾರಿ ಬಾಡಿಗೆ ಕೊಡುವವರು ಯಾರು?

ಕಾನೂನಿನ ಪ್ರಕಾರ ಪ್ಯಾಕೆಟ್ ಮಾಡಿ ಮಾರಿದ ಕಂಪನಿ ಕೊಡಬೇಕು. 2022ರ ಫೆಬ್ರವರಿಯಲ್ಲಿ ಬಂದ ಉತ್ಪಾದಕರ ಹೊಣೆಗಾರಿಕೆಯ ನಿಯಮ ಅದನ್ನೇ ಹೇಳುತ್ತದೆ. ಮರುಬಳಕೆಯಾಗದ ಪ್ಲಾಸ್ಟಿಕ್‌ಗೆ ಅದು ಹೇಳಿರುವ ಕೊನೆಯ ದಾರಿಗಳು ರಸ್ತೆ, ವಿದ್ಯುತ್, ಎಣ್ಣೆ, ಸಿಮೆಂಟ್ ಗೂಡು. ಎಣ್ಣೆ ಮಾಡುವುದನ್ನು ನಿಯಮವೇ ವಿಲೇವಾರಿ ಅಂತ ಕರೆದಿದೆ, ಮರುಬಳಕೆ ಅಂತ ಅಲ್ಲ. ನಿಮ್ಮ ಕಂಪನಿಯವರ ಕೈಪಿಡಿಯಲ್ಲಿ ಏನು ಬರೆದಿದೆ ನೋಡಿ.

ರಸ್ತೆಯನ್ನೂ ಮರೆಯಬೇಡಿ. ತಮಿಳುನಾಡಿನ ಮಧುರೈನ ಆರ್. ವಾಸುದೇವನ್ ತೋರಿಸಿದ ದಾರಿ ಅದು, 2018ರಲ್ಲಿ ಪದ್ಮಶ್ರೀ ಬಂತು ಅವರಿಗೆ. ಬೆಂಗಳೂರಿನಲ್ಲಿ ಅಹ್ಮದ್ ಖಾನ್ ಅವರ ಕೆಕೆ ಪ್ಲಾಸ್ಟಿಕ್ 2002ರ ಹೊತ್ತಿಗೇ ಡಾಂಬರಿಗೆ ಪ್ಲಾಸ್ಟಿಕ್ ಬೆರೆಸಿ ರಸ್ತೆ ಮಾಡಲು ಶುರು ಮಾಡಿತ್ತು. ತೆಳು ಕವರಿಗೆ ಅಲ್ಲಿ ಜಾಗ ಇದೆ. ಪಿವಿಸಿಗೆ ಅಲ್ಲಿಯೂ ಇಲ್ಲ.

ಗದ್ದೆಬದು

ಇಷ್ಟು ಜನ ಸಮಯ ಕೊಟ್ಟು ಬರೆದಿರಿ. ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳುತ್ತೇನೆ. ನಮ್ಮ ಅಧ್ಯಕ್ಷರಿಗೆ ಇನ್ನೂ ಯಂತ್ರದ ಮೇಲೆ ಮನಸ್ಸಿದೆ. ಪೂರ್ತಿ ಬೇಡ ಎಂದರೆ ಕೇಳುವುದಿಲ್ಲ. ಕಂಪನಿಯವರನ್ನು ಏನೇನು ಕೇಳಬೇಕು, ಕುಲುಮೆಯವರು ಹೇಳಿದರೆ ಒಳ್ಳೆಯದು. ಈ ವಿದ್ಯೆಗೆ ಸರಿಯಾದ ಜಾಗ ಎಲ್ಲಿಯೂ ಇಲ್ಲವೇ ಅನ್ನುವುದೂ ತಿಳಿಯಬೇಕು.

ಕುಲುಮೆ

ಜಾಗ ಇದೆ. ಆ ಎಣ್ಣೆಯನ್ನು ಉರಿಸದೆ ರಿಫೈನರಿಗೆ ಕೊಟ್ಟು ಮತ್ತೆ ಪ್ಲಾಸ್ಟಿಕ್ಕೇ ಮಾಡಿದರೆ ಅರ್ಥ ಇದೆ. ರಿಲಯನ್ಸ್ ಜಾಮ್‌ನಗರದಲ್ಲಿ ಪೈರಾಲಿಸಿಸ್ ಎಣ್ಣೆ ಬಳಸಿ ಪಾಲಿಮರ್ ಮಾಡಿದೆ ಅಂತ 2024ರ ಆರಂಭದಲ್ಲಿ ಹೇಳಿತು. ಅಲ್ಲಿ ಜಲಜನಕ ಇದೆ, ಲ್ಯಾಬ್ ಇದೆ, ಬೆಂಕಿ ಆರಿಸುವ ಪಡೆ ಇದೆ. ನಮ್ಮ ರಾಜ್ಯದಲ್ಲೂ ಕಡಲ ಬದಿಯಲ್ಲಿ ರಿಫೈನರಿ ಇದೆ. ಜಿಲ್ಲೆಗಳ ಪ್ಲಾಸ್ಟಿಕ್ ಎಂಆರ್‌ಎಫ್‌ಗಳಲ್ಲಿ ಹದವಾಗಿ ವಿಂಗಡವಾಗಿ ಬಂದರೆ ಎಣ್ಣೆ ತೆಗೆಯುವ ಕೆಲಸ ಅಂಥ ಕಡೆ ಆಗಲಿ. ಸ್ವಚ್ಛ ಸಂಕೀರ್ಣದ ಹಿಂದೆ ಬೇಡ.

ಕಂಪನಿಯವರನ್ನು ಕೇಳಬೇಕಾದದ್ದು: ಮೊದಲನೆಯದಾಗಿ, ನಿಮ್ಮ ಗುಡ್ಡೆಯಿಂದಲೇ ಒಂದು ಟನ್ ಮಾಲು ಲಾರಿಯಲ್ಲಿ ಹಾಕಿ ಅವರ ಓಡುತ್ತಿರುವ ಘಟಕಕ್ಕೆ ಕಳಿಸಿ. ಆರಿಸಲು ಬಿಡಬೇಡಿ. ನಿಮ್ಮ ಜನ ಮುಂದೆ ನಿಂತು ಎಣ್ಣೆ, ಚಾರ್ ಎರಡನ್ನೂ ತೂಗಿಸಲಿ. ಎಣ್ಣೆಯ ಒಂದು ಬಾಟಲಿ ನೀವೇ ತಂದು ಲ್ಯಾಬಿಗೆ ಕೊಡಿ. ಫ್ಲಾಷ್ ಪಾಯಿಂಟ್ (ಎಣ್ಣೆಯ ಆವಿ ಹೊತ್ತಿಕೊಳ್ಳುವ ಉಷ್ಣತೆ), ಗಂಧಕ, ಕ್ಲೋರಿನ್ ಮೂರು ನೋಡಿಸಿದರೆ ಸಾಕು. ಕಾಯಿಸಲು ಹೊರಗಿನಿಂದ ಎಷ್ಟು ಸೌದೆ ಅಥವಾ ಗ್ಯಾಸ್ ಹೋಯಿತು ಅನ್ನುವುದನ್ನೂ ಬರೆದುಕೊಳ್ಳಿ, ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ ಯಾರ ಹೆಸರಲ್ಲಿ ಬರುತ್ತದೆ? ಪಂಚಾಯಿತಿ ಹೆಸರಲ್ಲಾದರೆ ಬೆಂಕಿ ಬಿದ್ದ ದಿನ ನೋಟಿಸ್ ನಿಮಗೆ. ಎಣ್ಣೆ ಕೊಳ್ಳುವವರು ಯಾರು ಅಂತ ಬರಹದಲ್ಲಿ ಇರಲಿ. "ಡೀಸೆಲ್ ಜೊತೆ ಬೆರೆಸಿ ಮಾರಬಹುದು" ಅಂದರೆ ಅದು ಕಲಬೆರಕೆ, ಪೊಲೀಸ್ ಕೇಸ್.

ಚಾರ್ ಬಗ್ಗೆ ಹೊಂಗೆನೆರಳು ಕೇಳಿದ್ದು ಸರಿಯಾದ ಪ್ರಶ್ನೆ. ಪ್ಲಾಸ್ಟಿಕ್‌ಗೆ ಹಾಕಿದ ಬಣ್ಣ, ರಾಸಾಯನಿಕಗಳ ಲೋಹವೆಲ್ಲ ಅದರಲ್ಲಿ ಕೂಡಿಕೊಂಡಿರುತ್ತದೆ. ಗದ್ದೆಗೆ ಹಾಕಲೇಬಾರದು.

ಬಯಲುಸೀಮೆ

ಒಂದು ಟನ್ ಕಳಿಸಿ ನೋಡುವ ಮಾತು ನನಗೂ ಒಪ್ಪಿಗೆ. ಅದರಲ್ಲಿ ಗೆದ್ದರೆ ಮಾತ್ರ ಕೊಳ್ಳಿ. ಆದರೆ ಸೋತರೆ ಗುಡ್ಡೆ ಮತ್ತೆ ಮರೆತುಹೋಗಬಾರದು. ಕಡಲತೀರದವರೇ, ಅಕ್ಕಪಕ್ಕದ ಪಂಚಾಯಿತಿಗಳು ಸೇರಿ ಬೇಲ್ ಕಟ್ಟುವ ಪ್ರೆಸ್ ಒಂದನ್ನು ಇಟ್ಟುಕೊಂಡರೆ ಲಾರಿ ತುಂಬುವಷ್ಟು ಆಗುತ್ತದಾ?

ಕಡಲತೀರ

ಆಗುತ್ತದೆ. ಸಡಿಲ ಪ್ಲಾಸ್ಟಿಕ್ ಲಾರಿ ತುಂಬಿದರೂ ತೂಕ ಬರುವುದಿಲ್ಲ, ಬಾಡಿಗೆ ದಂಡ. ಒತ್ತಿ ಕಟ್ಟಿದರೆ ಅದೇ ಲಾರಿಯಲ್ಲಿ ಹಲವು ಪಟ್ಟು ಹೋಗುತ್ತದೆ. ಪ್ರೆಸ್ಸಿನ ಬೆಲೆ ಪೈರಾಲಿಸಿಸ್ ಯಂತ್ರದ ಮುಂದೆ ಏನೇನೂ ಅಲ್ಲ. ಮೊದಲು ಜಿಲ್ಲಾ ಪಂಚಾಯಿತಿಯ ಸ್ವಚ್ಛ ಭಾರತ್ ವಿಭಾಗದಲ್ಲಿ ವಿಚಾರಿಸಿ. ನಿಮ್ಮ ತಾಲೂಕಿಗೆ ಎಂಆರ್‌ಎಫ್ ಯೋಜನೆ ಆಗಲೇ ಇದ್ದರೆ ಅದಕ್ಕೆ ಸೇರಿಕೊಳ್ಳುವುದೇ ಸುಲಭ.

ಒಣಕಸ

ಪ್ರೆಸ್ಸಿಗೆ ಹಾಕುವ ಮೊದಲು ಮಳೆ ತಾಗದ ಜಾಗ ಬೇಕು. ಒದ್ದೆ ಬೇಲನ್ನು ಸಿಮೆಂಟಿನವರು ವಾಪಸ್ ಕಳಿಸುತ್ತಾರೆ. ಮಲೆನಾಡಿನ ಮಳೆಗೆ ಕಟ್ಟಡದ ಹಿಂದಿನ ಗುಡ್ಡೆಗೆ ಜೂನ್ ಒಳಗೆ ಒಂದು ತಗಡಿನ ಮಾಡು ಹಾಕಿಸಿ. ಒಕ್ಕೂಟದವರು ನಮ್ಮ ಕೇಂದ್ರ ನೋಡಬೇಕೆಂದರೆ ಬರಲಿ, ಸ್ಯಾಶೆ, ಪಿವಿಸಿ ಕೈಯಲ್ಲಿ ಮುಟ್ಟಿಯೇ ಹೇಗೆ ಗುರುತು ಹಿಡಿಯುವುದು ಅಂತ ನಮ್ಮ ಹೆಂಗಸರು ತೋರಿಸಿಕೊಡುತ್ತಾರೆ.